ಮನೆಯ ಗಣಕಯಂತ್ರದಲ್ಲಿ ಹಾಡು-ಚಿತ್ರಗಳ ತಂತ್ರಾಂಶದ ಆಯ್ಕೆ: ಗೊರೂರು ಪ್ರಾಂತವನ್ನು ಕುರಿತು ಕೆಲವು ವಿಚಾರಗಳು

ಹಾಡು ಕೇಳುವುದಕ್ಕೂ ಚಲನಚಿತ್ರ ನೋಡುವುದಕ್ಕೂ ಜನರು ಮನೆಯ ಗಣಕಯಂತ್ರದಲ್ಲಿ ಒಂದು ತಂತ್ರಾಂಶವನ್ನು ಬಿಟ್ಟು ಮತ್ತೊಂದನ್ನು ಏತಕ್ಕೆ ಆರಿಸಿಕೊಳ್ಳುತ್ತಾರೆ? ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂತಹ ಪ್ರಶ್ನೆಗೆ ಎಡೆಯುಂಟೆ ಎಂದು ವಾಚಕರು ಶಂಕಿಸಬಹುದು. ಶಾಸನವನ್ನೂ ಓಲೆಗರಿಯನ್ನೂ ಓದುವವನಿಗೆ ಲಿಪಿಜ್ಞಾನವು ಹೇಗೆ ಅವಶ್ಯಕವೋ, ಕಳೆದ ಮೂವತ್ತು ವರ್ಷಗಳ ಧ್ವನಿ-ಚಿತ್ರಗಳನ್ನು ಅರಿಯಲೆಳಸುವವನಿಗೆ ಈ ತಂತ್ರಾಂಶಗಳು ಹಾಗೆಯೇ ಅವಶ್ಯಕ. ಮನೆಮನೆಗಳಲ್ಲಿ ಉಳಿದಿರುವ ಆಧಾರಗಳಲ್ಲಿ ಯಾವುದನ್ನು ತೆರೆಯಬಹುದು, ಯಾವುದನ್ನು ತೆರೆಯಲಾಗದು ಎಂಬುದು ಬಹುಮಟ್ಟಿಗೆ ಈ ಆಯ್ಕೆಯನ್ನೇ ಅವಲಂಬಿಸಿದೆ.

ಹಿಂದೆ ಈ ತೊಡಕು ಇರಲಿಲ್ಲ. ಗ್ರಾಮಫೋನು ಇದ್ದ ಮನೆಯಲ್ಲಿ ಪ್ಲೇಟು ಯಾವ ಕಂಪನಿಯದಾದರೂ ಮುಳ್ಳು ಅದರ ಮೇಲೆ ಓಡುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತೆಂಬುದು ಬೇರೆ ಮಾತು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ಅಳತೆಯನ್ನು ಇತರ ತಯಾರಕರೂ ಅನುಸರಿಸಿದುದರಿಂದ, ಯಾರ ಕ್ಯಾಸೆಟ್ಟಾದರೂ ಯಾರ ಯಂತ್ರದಲ್ಲಾದರೂ ಹಾಡಿತು. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ವು 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಊರೂರಿಗೆ ಹರಡಿದುದಕ್ಕೆ ಕವಿತೆಯ ಗುಣ, ರಾಗಸಂಯೋಜನೆಗಳ ಜೊತೆಗೆ ಈ ಸೌಕರ್ಯವೂ ಕಾರಣವೆಂದು ನಾವು ಭಾವಿಸುತ್ತೇವೆ. ಗೊರೂರಿಗೆ ದೂರವಲ್ಲದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಸಂಗೀತಗಾರರ ಊರು, ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಅಲ್ಲಿಯೇ ಜನಿಸಿದರು. ಅಂತಹವರ ಕಚೇರಿಯನ್ನು ಆಕಾಶವಾಣಿಯಿಂದ ಟೂ-ಇನ್-ಒನ್ ಯಂತ್ರದಲ್ಲಿ ಹಿಡಿದಿಟ್ಟುಕೊಂಡ ರಸಿಕನು, ನಾಳೆ ಇದು ಯಾವ ಯಂತ್ರದಲ್ಲಿ ಹಾಡೀತು ಎಂದು ಯೋಚಿಸಬೇಕಾಗಿರಲಿಲ್ಲ.

ಗಣಕಯಂತ್ರವು ಬಂದಮೇಲೆ ಈ ನಿಶ್ಚಿಂತೆಯು ತಪ್ಪಿತು. ಕಡತದ ಹೆಸರಿನ ಕೊನೆಯಲ್ಲಿ ಕಾಣುವ ಎವಿಐ, ಎಂಪಿ4 ಮೊದಲಾದವು ಡಬ್ಬಿಯ ಮೇಲಿನ ಚೀಟಿ ಮಾತ್ರ. ಒಳಗಿನ ಚಿತ್ರವನ್ನೂ ಧ್ವನಿಯನ್ನೂ ಯಾವ ಕ್ರಮದಲ್ಲಿ ಅಡಕಮಾಡಿದೆ ಎಂಬುದು ಪ್ರತ್ಯೇಕವಾದ ಸಂಗತಿ; ಈ ಕ್ರಮಕ್ಕೆ ‘ಕೋಡೆಕ್’ ಎಂದು ಹೆಸರು. ಅಡಕಮಾಡಿದ ಕ್ರಮವನ್ನು ಬಿಡಿಸಬಲ್ಲ ಭಾಗವು ತಂತ್ರಾಂಶದಲ್ಲಿ ಇಲ್ಲವಾದರೆ ಡಬ್ಬಿ ಕೈಯಲ್ಲಿದ್ದೂ ಕಾಳು ದೊರೆಯದು. ಒಂದು ಉದಾಹರಣೆಯನ್ನು ಕೊಡುತ್ತೇವೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮದುವೆಯ ವೀಡಿಯೋವನ್ನು ವಿಸಿಡಿ ತಟ್ಟೆಯಲ್ಲಿ ಕೊಡುವುದು ವಾಡಿಕೆಯಾಗಿತ್ತು. ಆ ತಟ್ಟೆಯಲ್ಲಿ 74 ನಿಮಿಷ ಹಿಡಿಯುತ್ತಿದ್ದುದರಿಂದ, ಧಾರೆ ಒಂದು ತಟ್ಟೆಯಲ್ಲಿ, ಆರತಕ್ಷತೆ ಮತ್ತೊಂದರಲ್ಲಿ ಎಂಬಂತೆ ಹಂಚಿಹೋಗುತ್ತಿತ್ತು. ಗಣಕಯಂತ್ರದಲ್ಲಿ ಅದನ್ನು ತೆರೆದರೆ ಕಾಣುವುದು ‘ಡಿಎಟಿ’ ಎಂಬ ಬಾಲವುಳ್ಳ ಕಡತ. ಹೆಸರು ನೋಡಿ ಇದೇನೋ ಲೆಕ್ಕಪತ್ರವಿರಬೇಕೆಂದು ಬದಿಗಿಟ್ಟವರೂ ಉಂಟು; ಅದರೊಳಗೆ ಇರುವುದು ಮಾತ್ರ ಇಂದು ಬದುಕಿರದ ಅಜ್ಜಿಯೊಬ್ಬಳು ಹಸೆಗೆ ಕರೆಯುವ ಹಾಡು.

ಇಂತಹ ಕಡತವನ್ನು ಮರುಮಾತಿಲ್ಲದೆ ತೆರೆಯುವುದೆಂಬ ಹೆಸರನ್ನು ವಿ.ಎಲ್.ಸಿ. ಸಂಪಾದಿಸಿಕೊಂಡಿತು. ಪ್ಯಾರಿಸ್ಸಿನ ಎಕೋಲ್ ಸಾಂಟ್ರಾಲ್ ಎಂಬ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು 1996ರಲ್ಲಿ ತಮ್ಮ ನಿವಾಸದ ಜಾಲದಲ್ಲಿ ದೂರದರ್ಶನ ನೋಡುವ ಸಲುವಾಗಿ ಆರಂಭಿಸಿದ ಕೆಲಸವಿದು. 2001ರಲ್ಲಿ ಅದನ್ನು ಯಾರು ಬೇಕಾದರೂ ಉಪಯೋಗಿಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶವನ್ನಾಗಿ ಬಿಡುಗಡೆಮಾಡಿದರು. (ಅದರ ಗುರುತಾದ ಕಿತ್ತಳೆ ಬಣ್ಣದ ಶಂಕುವು ರಸ್ತೆ ರಿಪೇರಿಯ ಸ್ಥಳದಲ್ಲಿ ಇಡುವಂಥದೇ; ಆ ವಿದ್ಯಾರ್ಥಿಗಳಿಗೆ ಅಂತಹ ಶಂಕುಗಳನ್ನು ತಂದು ಕೂಡಿಹಾಕುವ ಹುಚ್ಚಿತ್ತು.) ಬಿಡಿಸುವ ಭಾಗಗಳನ್ನೆಲ್ಲ ಅದು ತನ್ನೊಳಗೇ ಹೊತ್ತು ತರುತ್ತದೆ. ಬೇರೆಡೆ ಕೋಡೆಕ್‌ಗಳ ಕಟ್ಟನ್ನು ಹುಡುಕಿ ತರಬೇಕಾಗಿದ್ದ ದಿನಗಳಲ್ಲಿ ಇದು ಸಣ್ಣ ಉಪಕಾರವಲ್ಲ.

ಆದರೆ ಗುಣಗಳನ್ನು ತೂಗಿನೋಡಿ ಆರಿಸಿಕೊಂಡವರು ವಿರಳವೆಂದೇ ಹೇಳಬೇಕು. ಹಳ್ಳಿಯ ಮನೆಯಲ್ಲಿ ಕಾರಣ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: “ನಮ್ಮ ಹುಡುಗ ಹಾಕಿಕೊಟ್ಟ.” ಹಾಸನದಲ್ಲೋ ಬೆಂಗಳೂರಿನಲ್ಲೋ ಓದುತ್ತಿರುವ ಮಗ, ಅಣ್ಣನ ಮಗ, ಇಲ್ಲವೆ ಯಂತ್ರ ರಿಪೇರಿಯ ಅಂಗಡಿಯವನು ಪೆನ್ ಡ್ರೈವಿನಲ್ಲಿ ತಂದು ಸ್ಥಾಪಿಸಿದುದೇ ಮನೆಯ ತಂತ್ರಾಂಶವಾಗಿಬಿಡುತ್ತದೆ. ಒಮ್ಮೆ ಒಗ್ಗಿದುದನ್ನು ಬದಲಾಯಿಸಲು ಯಾರೂ ಒಪ್ಪರು. ಕುಲವೈದ್ಯನನ್ನು ಆರಿಸುವ ರೀತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಇದರ ಮೇಲೆ ಕೆಲವು ಚಿಕ್ಕಪುಟ್ಟ ಅನುಕೂಲಗಳೂ ಸೇರುತ್ತವೆ. ವಿ.ಎಲ್.ಸಿ.ಯಲ್ಲಿ ಧ್ವನಿಯನ್ನು ನೂರರ ಅಂಕವನ್ನು ಮೀರಿಯೂ ಏರಿಸಬಹುದು. ಕಿವಿ ಮಂದವಾದ ಹಿರಿಯರಿಗೂ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಕ್ಷೀಣಧ್ವನಿಗೂ ಇದೊಂದೇ ಸಾಕು. ವೇಗವನ್ನು ತಗ್ಗಿಸಿ ಕೇಳುವ ಸೌಕರ್ಯವು ಸಂಗೀತಾಭ್ಯಾಸಿಗೆ ಪ್ರಿಯವಾದುದು.

ಮೊಬೈಲ್ ಫೋನಿನಲ್ಲಿ ಬಹುಜನರು ಎಂಎಕ್ಸ್ ಪ್ಲೇಯರ್ ಎಂಬ ಕೊರಿಯಾದೇಶದ ತಂತ್ರಾಂಶವನ್ನು ಹಿಡಿದರು. ಅಂಗಡಿಯಲ್ಲಿ ಹಣ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು-ಚಿತ್ರ ತುಂಬಿಸಿಕೊಳ್ಳುತ್ತಿದ್ದ ಕಾಲವದು. ಲೈಸೆನ್ಸಿನ ಕಾರಣದಿಂದ ಅದು ಕೆಲವು ಧ್ವನಿಕ್ರಮಗಳನ್ನು ಕೈಬಿಟ್ಟಾಗ ಚಿತ್ರ ಓಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅನೇಕರು ಫೋನೇ ಕೆಟ್ಟಿತೆಂದು ಬಗೆದರು. ಚಿತ್ರಗಳನ್ನು ಗ್ರಂಥಭಂಡಾರದಂತೆ ಜೋಡಿಸಿಡಬಯಸುವವರಿಗೆ 2014ರಲ್ಲಿ ಕೋಡಿ ಎಂಬ ಹೊಸ ಹೆಸರನ್ನು ಪಡೆದ ತಂತ್ರಾಂಶವುಂಟು. ಅದು ಸಂಗ್ರಹಾಸಕ್ತರ ಸೊತ್ತಾಗಿಯೇ ಉಳಿದಿದೆ. 2016ರ ತರುವಾಯ ಅಂತರಜಾಲವು ಅಗ್ಗವಾಗಿ, ನೋಡತಕ್ಕುದೆಲ್ಲ ಯೂಟ್ಯೂಬಿನಲ್ಲಿ ಸಿಗುವಂತಾದಮೇಲೆ ಆಯ್ಕೆಯ ಪ್ರಶ್ನೆಯೇ ಹಲವರಿಗೆ ಇಲ್ಲವಾಯಿತು. 2022ರಲ್ಲಿ ವಿ.ಎಲ್.ಸಿ.ಯ ಜಾಲತಾಣವನ್ನು ಭಾರತದಲ್ಲಿ ತಡೆಹಿಡಿಯಲಾಗಿತ್ತು. ಆ ವರ್ಷದ ನವೆಂಬರಿನಲ್ಲಿ ತಡೆಯನ್ನು ತೆಗೆದರು. ಆ ತಿಂಗಳುಗಳಲ್ಲಿಯೂ, ಮೊದಲೇ ಸ್ಥಾಪಿಸಿಕೊಂಡಿದ್ದವರ ಯಂತ್ರದಲ್ಲಿ ಅದು ಎಂದಿನಂತೆ ನಡೆಯಿತು. ಕೈಯಲ್ಲಿರುವ ಕಡತಕ್ಕೂ ದೂರದಿಂದ ಹರಿದುಬರುವ ಚಿತ್ರಕ್ಕೂ ಇರುವ ಅಂತರವನ್ನು ಗುರುತಿಸಲು ಇಷ್ಟು ಸಾಕು.

ನಮ್ಮ ವಿಭಾಗಗಳಿಗೆ ಇದರಿಂದ ಆಗಬೇಕಾದ ಪ್ರಯೋಜನವೊಂದಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಹಿನ್ನೀರಿಗೆ ಊರು ಬಿಟ್ಟವರಲ್ಲಿ ಆಗ ಯುವಕರಾಗಿದ್ದವರು ಇಂದು ವೃದ್ಧರು. ಅವರ ಮಾತನ್ನು ವಿದ್ಯಾರ್ಥಿಗಳು ತಮ್ಮ ಫೋನುಗಳಲ್ಲಿ ಹಿಡಿದರೆ, ಹಳೆಯ ಫೋನಿನದು ಎಎಂಆರ್ ಕ್ರಮದಲ್ಲಿ, ವಾಟ್ಸಾಪಿನದು ಓಪಸ್ ಕ್ರಮದಲ್ಲಿ ದಾಖಲಾಗಿರುತ್ತದೆ. ಯಂತ್ರದೊಡನೆ ಬಂದ ತಂತ್ರಾಂಶವು ಇವನ್ನು ತೆರೆಯದಿದ್ದಾಗ ಕಡತ ಕೆಟ್ಟಿದೆಯೆಂದು ಅಳಿಸಿಬಿಡುವ ಅಪಾಯವುಂಟು. ಅಳಿಸುವ ಮುನ್ನ ವಿ.ಎಲ್.ಸಿ.ಯಂತಹ ಮುಕ್ತ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಬೇಕು. ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು, ಸಂಕೋಚಗೊಳಿಸದ ವೇವ್ ರೂಪದಲ್ಲಿ ಇನ್ನೊಂದು ಪ್ರತಿಯನ್ನು ಮಾಡಬೇಕು. ಮಾತನಾಡಿದವರ ಹೆಸರು, ಊರು, ದಿನಾಂಕಗಳನ್ನು ಕಡತದ ಹೆಸರಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದಿಡಬೇಕು.