‘ಠಕ್ಕ’ ಎಂಬ ಶಬ್ದದ ವಿಚಾರ



ಒಂದು ದಿನ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಥಗ್’ ಎಂಬ ಶಬ್ದವು ಬಂದಿತು. ಅರ್ಥವನ್ನು ಕೇಳಲಾಗಿ ಒಬ್ಬ ಬಾಲಿಕೆಯು “ಹೊಡೆದು ಬಡಿಯುವ ದುಷ್ಟ” ಎಂದಳು. ಕುರುಗೋಡಿನ ಕಡೆಯವಳಾದ ಮತ್ತೊಬ್ಬಳು, “ಅದು ನಮ್ಮ ಠಕ್ಕನೇ ಅಲ್ಲವೇ? ಬೆಲ್ಲ ಕದ್ದು ಬಾಯೊರಸಿಕೊಂಡು ನಿಂತ ತಮ್ಮನನ್ನು ಅವ್ವ ಹಾಗೆಯೇ ಕರೆಯುತ್ತಾಳೆ” ಎಂದು ಎಲ್ಲರನ್ನೂ ನಗಿಸಿದಳು. ಇಬ್ಬರ ಮಾತೂ ದಿಟವೇ ಆಗಿತ್ತು.

ಸಂಸ್ಕೃತದಲ್ಲಿ ‘ಸ್ಥಗ್’ ಎಂಬ ಧಾತುವಿಗೆ ಮುಚ್ಚು, ಮರೆಮಾಡು ಎಂದರ್ಥ, ‘ಸ್ಥಗ’ನೆಂದರೆ ವಂಚಕನು. ಹಿಂದಿಯ ‘ಠಗ’, ನಮ್ಮ ‘ಠಕ್ಕ’ ಇವು ಅದೇ ಬಳಗದವು. ಕನ್ನಡದ ಠಕ್ಕನು ನಂಬಿಸಿ ಕೆಡಿಸುವವನೇ ಹೊರತು ದೊಣ್ಣೆಯೆತ್ತುವವನಲ್ಲ. ಸಿರುಗುಪ್ಪದಿಂದ ಕುರುಗೋಡಿನ ಜಾತ್ರೆಗೆ ಗಾಡಿಯಲ್ಲಿ ಹೋಗುತ್ತಿದ್ದ ನನ್ನ ಅಜ್ಜಿಯು, ದಾರಿಯಲ್ಲಿ ಬಹಳ ನಯವಾಗಿ ಮಾತನಾಡಿಸಿದವರ ಮುಂದೆ ಸೆರಗಿನ ಗಂಟನ್ನು ಮುಟ್ಟಿ ಸಹ ನೋಡಿಕೊಳ್ಳಬಾರದೆನ್ನುತ್ತಿದ್ದಳು.

ದಾರಿಗರ ಸ್ನೇಹ ಬೆಳೆಸಿ, ಕೊರಳಿಗೆ ಉರುಲು ಬಿಗಿದು ಕೊಂದು ದೋಚುತ್ತಿದ್ದವರಿಗೆ ಉತ್ತರದಲ್ಲಿ ಈ ಹೆಸರು ಅಂಟಿತು. ದಕ್ಷಿಣದಲ್ಲಿ ಅಂಥವರನ್ನು ‘ಫಾಂಸಿಗಾರ’ರೆಂದರು. ಮದರಾಸಿನ ವೈದ್ಯ ಡಾಕ್ಟರ್ ಷೆರ್ವುಡ್ಡರು 1816ರಲ್ಲಿ ಬರೆದ ಲೇಖನದಲ್ಲಿ ಅವರಿಗೆ ಕನ್ನಡದ ಹೆಸರು ‘ತಂತಿ ಕಳ್ಳರು’ ಎಂದು ದಾಖಲಿಸಿದ್ದಾರೆ. ಎಷ್ಟು ಸ್ಪಷ್ಟವಾದ ಮಾತು! ಆದರೂ ಲೋಕದಲ್ಲಿ ಉಳಿದುದು ‘ಥಗ್’. ಅದಕ್ಕೆ ಸ್ಲೀಮನ್ ಸಾಹೇಬರ ಬರಹಗಳೂ, ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರರು 1839ರಲ್ಲಿ ಪ್ರಕಟಿಸಿದ ಕಾದಂಬರಿಯೂ ಕಾರಣವಾದುವು. ಇಂಗ್ಲಿಷಿಗೆ ಹೋದ ಶಬ್ದವು ಕ್ರಮೇಣ ವಂಚನೆಯನ್ನು ಕಳಚಿಕೊಂಡು ಬರಿಯ ಹಿಂಸೆಯನ್ನು ಉಳಿಸಿಕೊಂಡಿತು.

ಶಬ್ದವು ಕಾನೂನಿನೊಳಗೂ ಹೊಕ್ಕಿತು. 1836ರ 30ನೆಯ ಕಾಯಿದೆಯ ಪ್ರಕಾರ, ಇಂಥ ಕೊಲೆಯನ್ನೇ ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಥಗ್ಗರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಜೀವಾವಧಿ ಶಿಕ್ಷೆ. ಸಾಕ್ಷಿಯಾದರೋ ಬಹುಮಟ್ಟಿಗೆ ಕ್ಷಮೆ ಪಡೆದ ಕೈದಿಗಳದೇ. ಆದುದರಿಂದ ಥಗ್ಗರು ವಂಶಪರಂಪರೆಯ ಒಂದು ಪಂಥವೆಂಬ ಮಾತನ್ನು ಈಗಿನ ಇತಿಹಾಸಕಾರರಲ್ಲಿ ಅನೇಕರು ಸಂಶಯಿಸುತ್ತಾರೆ. ಕೊಲೆಗಳು ನಡೆಯಲಿಲ್ಲವೆಂದಲ್ಲ, ಹುಟ್ಟಿನಿಂದಲೇ ಕೊಲೆಗಡುಕರೆಂಬುದು ಬೇರೆ ಮಾತು. ಆದರೆ ಆ ಬೇರೆ ಮಾತೇ ಬೆಳೆಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡಿಯ ಸಮುದಾಯಗಳನ್ನು ಪಟ್ಟಿಗೆ ಸೇರಿಸಿತು. ಆ ಬಗೆಯ ಶಾಸನವು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂದಿತು. ನಮ್ಮ ಬಳ್ಳಾರಿಯು ಆಗ ಆ ಪ್ರಾಂತ್ಯದಲ್ಲಿಯೇ ಇದ್ದಿತು. ದೇಶಮಟ್ಟದಲ್ಲಿ ಅದು ರದ್ದಾದುದು 1952ರಲ್ಲಿ.

ಇಷ್ಟನ್ನು ನಾನು ತರಗತಿಯಲ್ಲಿ ಹೇಳಿ ಮುಗಿಸಿದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಬಾಲಿಕೆಯು ನಗಲಿಲ್ಲ, ಮಾತನಾಡಲೂ ಇಲ್ಲ. ಗಂಟೆ ಬಾರಿಸಿದ ಮೇಲೆ ನನ್ನ ಮೇಜಿನ ಬಳಿಗೆ ಬಂದು, ತನ್ನ ಮುತ್ತಜ್ಜನು ಆ ಪಟ್ಟಿಯಲ್ಲಿದ್ದನೆಂದೂ, ರಾತ್ರಿಯ ಹಾಜರಿಗಾಗಿ ಠಾಣೆಗೆ ನಡೆದುಹೋಗುತ್ತಿದ್ದನೆಂದೂ ಮನೆಯಲ್ಲಿ ಕೇಳಿದ್ದುದಾಗಿ ತಿಳಿಸಿದಳು.

“ಏನು ಕೆಲಸ ಮಾಡುತ್ತಿದ್ದರಮ್ಮಾ?” ಎಂದೆ.

“ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಮಾರುತ್ತಿದ್ದರಂತೆ” ಎಂದಳು.