ಗಾಳಿಗೆ ತಕ್ಕ ಹಾಯಿ

೨೦೨೫ನೆಯ ಇಸವಿ ಮೇ ತಿಂಗಳ ೨೯ನೆಯ ತಾರೀಖಿನಲ್ಲಿ ನಮ್ಮ ದೇಶದ ನೌಕಾದಳಕ್ಕೆ ಸೇರಿದ ‘ತಾರಿಣಿ’ ಎಂಬ ಹಾಯಿದೋಣಿಯು ಭೂಮಂಡಲವನ್ನು ಸುತ್ತಿ ಗೋವೆಗೆ ಹಿಂದಿರುಗಿತು. ಅದರಲ್ಲಿದ್ದವರು ಇಬ್ಬರೇ, ಲೆಫ್ಟಿನೆಂಟ್ ಕಮಾಂಡರ್ ಪದವಿಯ ದಿಲ್ನಾ ಮತ್ತು ರೂಪಾ ಎಂಬ ಸ್ತ್ರೀಯರು. ೨೦೨೪ನೆಯ ಅಕ್ಟೋಬರ್ ೨ರಂದು ಹೊರಟ ಇವರು ಗಾಳಿಯ ಬಲವೊಂದನ್ನೇ ನೆಚ್ಚಿ ೨೫,೦೦೦ಕ್ಕೂ ಮಿಕ್ಕಿದ ನಾವಿಕ ಮೈಲುಗಳನ್ನು ಕ್ರಮಿಸಿದರು. ನ್ಯೂಜಿಲೆಂಡಿನ ಲಿಟಲ್‌ಟನ್ನಿನಿಂದ ಫಾಕ್‌ಲೆಂಡ್ ದ್ವೀಪಗಳ ಪೋರ್ಟ್ ಸ್ಟಾನ್ಲಿಗೆ ಹೋಗುವ ದಾರಿಯಲ್ಲಿ ಮೂರು ಚಂಡಮಾರುತಗಳನ್ನು ಎದುರಿಸಿ, ದಕ್ಷಿಣ ಅಮೇರಿಕದ ತುದಿಯಾದ ಹಾರ್ನ್ ಭೂಶಿರವನ್ನು ದಾಟಿದರು. ಅದೇ ದೋಣಿಯಲ್ಲಿ ೨೦೧೭-೧೮ರಲ್ಲಿ ಆರು ಮಂದಿ ಸ್ತ್ರೀಯರು ಇಂಥದೇ ಭೂಪ್ರದಕ್ಷಿಣೆಯನ್ನು ಮುಗಿಸಿದ್ದರು.

ಈ ವರ್ತಮಾನವನ್ನು ಕೇಳಿದ ನಮ್ಮ ಹುಡುಗಿಯರಲ್ಲಿ ಏಳುವ ಪ್ರಶ್ನೆ ಒಂದುಂಟು. ಗಾಳಿಯು ಒಂದೇ ಸಮನಾಗಿ ಬೀಸುವುದಿಲ್ಲವಷ್ಟೆ. ಬೆಳಗ್ಗೆ ಮಂದವಾಗಿದ್ದದ್ದು ಸಂಜೆಗೆ ಬಿರುಗಾಳಿಯಾದರೆ ಅದೇ ಹಾಯಿಯನ್ನಿಟ್ಟುಕೊಂಡು ಹೋಗಬಹುದೇ? ಹೋಗಲಾಗದು. ಹಾಯಿಗಳನ್ನು, ವಿಶೇಷವಾಗಿ ಮುಂದಿನ ಹಾಯಿಯನ್ನು, ಬದಲಾಯಿಸಬೇಕಾಗುವುದು. ಯಾವ ಹಾಯಿಯನ್ನು ಯಾವಾಗ ಆರಿಸಿಕೊಳ್ಳತಕ್ಕದ್ದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ದೋಣಿಯ ರಚನೆಯನ್ನು ಗಮನಿಸೋಣ. ಇಂಥ ದೋಣಿಗೆ ಒಂದೇ ಕೂವೆಮರ. ಕೂವೆಮರದ ಹಿಂದೆ ಇರುವುದು ಮುಖ್ಯ ಹಾಯಿ. ಕೂವೆಮರದ ಮೇಲ್ಭಾಗದಿಂದ ದೋಣಿಯ ಮೂತಿಯವರೆಗೆ ಉಕ್ಕಿನ ಹಗ್ಗವೊಂದನ್ನು ಬಿಗಿದಿರುತ್ತಾರೆ. ಈ ಹಗ್ಗವೂ ಕೂವೆಮರವೂ ದೋಣಿಯ ಮೇಲ್ಮಾಳಿಗೆಯೂ ಸೇರಿ ಒಂದು ತ್ರಿಕೋಣವಾಗುವುದು. ಮುಂದಿನ ಹಾಯಿಗಳ ಗಾತ್ರವನ್ನು ಈ ತ್ರಿಕೋಣಕ್ಕೆ ಹೋಲಿಸಿ ಹೇಳುವುದು ನಾವಿಕರ ರೂಢಿ.

ಈ ಹಾಯಿಗಳಲ್ಲಿ ಹಲವು ಬಗೆಗಳುಂಟು. ತ್ರಿಕೋಣದೊಳಗೇ ಅಡಗಿ, ಕೂವೆಮರವನ್ನು ಮೀರದಿರುವ ಹಾಯಿಗೆ ಜಿಬ್ ಎಂದು ಹೆಸರು. ಕೂವೆಮರವನ್ನು ದಾಟಿ ಹಿಂದಕ್ಕೆ ಚಾಚಿಕೊಂಡು, ತ್ರಿಕೋಣದ ನೂರು ಪಾಲಿಗೆ ನೂರಮೂವತ್ತು ನೂರೈವತ್ತು ಪಾಲಿನಷ್ಟು ವಿಸ್ತಾರವಾಗಿರುವುದು ಜೆನೋವಾ. ಸ್ವೀಡನ್ ದೇಶದ ಸ್ವೆನ್ ಸಾಲೇನ್ ಎಂಬವರು ೧೯೨೬ರಲ್ಲಿ ಇಟಲಿಯ ಜೆನೋವಾ ಪಟ್ಟಣದ ಪಂದ್ಯದಲ್ಲಿ ಇದನ್ನು ಬಳಸಿದ್ದರಿಂದ ಆ ಊರಿನ ಹೆಸರೇ ಹಾಯಿಗೆ ನಿಂತಿತು. ಗಾಳಿಯು ಹಿಂದಿನಿಂದ ಬೀಸುವಾಗ ಬಲೂನಿನಂತೆ ಉಬ್ಬುವ ತೆಳುವಾದ ನೈಲಾನ್ ಹಾಯಿಯು ಸ್ಪಿನ್ನೇಕರ್. ಮುಂದಿನ ಹಗ್ಗಕ್ಕಿಂತ ಒಳಗೆ, ಕೂವೆಮರಕ್ಕೆ ಸಮೀಪವಾಗಿ ಕಟ್ಟುವ ಚಿಕ್ಕ ಹಾಯಿಯು ಸ್ಟೇಸೇಲ್. ಕಟ್ಟಕಡೆಯದು ಬಿರುಗಾಳಿಯ ಜಿಬ್. ಗಾತ್ರದಲ್ಲಿ ಅತಿ ಚಿಕ್ಕದು, ಬಟ್ಟೆಯಲ್ಲಿ ಅತಿ ದಪ್ಪ. ದೂರದಿಂದ ಕಾಣುವಂತೆ ಇದಕ್ಕೆ ಅನೇಕ ವೇಳೆ ಕಿತ್ತಳೆಯ ಬಣ್ಣವಿರುತ್ತದೆ.

ಇಷ್ಟೊಂದು ಹಾಯಿಗಳು ಏತಕ್ಕೆಂದರೆ, ಗಾಳಿಯ ವೇಗವು ಇಮ್ಮಡಿಯಾದಾಗ ಅದರ ಒತ್ತಡವು ನಾಲ್ಮಡಿಯಾಗುವುದು. ವೇಗವನ್ನು ನಾವಿಕರು ನಾಟ್‌ಗಳಲ್ಲಿ ಅಳೆಯುತ್ತಾರೆ. ಗಂಟೆಗೆ ಒಂದು ನಾವಿಕ ಮೈಲು, ಎಂದರೆ ೧.೮೫೨ ಕಿಲೋಮೀಟರು, ಒಂದು ನಾಟ್. ಹತ್ತು ನಾಟ್ ಗಾಳಿಯು ಹದಿನಾಲ್ಕಕ್ಕೆ ಏರಿದರೆ ಮುಖಕ್ಕೆ ತಾಗುವಾಗ ಅಲ್ಪ ವ್ಯತ್ಯಾಸವೆಂದೇ ತೋರುವುದು. ಆದರೆ ಹಾಯಿಯ ಮೇಲಣ ಒತ್ತಡವು ಆಗಲೇ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಇಪ್ಪತ್ತಕ್ಕೆ ಏರಿದರೆ ನಾಲ್ಕರಷ್ಟು. ಬ್ರಿಟಿಷ್ ನೌಕಾದಳದ ಅಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟರು ೧೮೦೫ರಿಂದ ಮೊದಲುಗೊಂಡು ರೂಪಿಸಿದ ಗಾಳಿಯ ಅಳತೆಯಲ್ಲಿ, ಬಲವಾದ ಗಾಳಿಗಳನ್ನು ಗುರುತಿಸಿದ್ದು ಯುದ್ಧನೌಕೆಯು ಆ ಗಾಳಿಯಲ್ಲಿ ಎಷ್ಟು ಹಾಯಿಗಳನ್ನು ಹೊರಬಲ್ಲುದೆಂಬುದರಿಂದಲೇ. ಯಾವ ಹಾಯಿಯೂ ತಾಳಲಾರದ ಗಾಳಿಯು ಅದರ ಕೊನೆಯ ಮೆಟ್ಟಲು.

ಹಾಯಿ ದೊಡ್ಡದಾದಷ್ಟೂ ದೋಣಿಯು ವೇಗವಾಗಿ ಹೋಗುವುದೆಂದು ಎಣಿಸುವುದು ಸಹಜ. ಮಂದಗಾಳಿಯಲ್ಲಿ ಅದು ಸತ್ಯವೇ. ಗಾಳಿ ಬಲಿತ ಮೇಲಾದರೋ ದೊಡ್ಡ ಹಾಯಿಯು ದೋಣಿಯನ್ನು ಮುಂದಕ್ಕೆ ನೂಕುವುದಕ್ಕಿಂತ ಹೆಚ್ಚಾಗಿ ಮಗ್ಗುಲಿಗೆ ವಾಲಿಸುವುದು. ಅತಿಯಾಗಿ ವಾಲಿದ ದೋಣಿಯು ತಾನಾಗಿಯೇ ಗಾಳಿಯ ಕಡೆಗೆ ಮೂತಿಯನ್ನು ತಿರುಗಿಸಹೊರಡುವುದು. ಅದನ್ನು ತಡೆಯಲು ಚುಕ್ಕಾಣಿಯನ್ನು ಓರೆಯಾಗಿ ಹಿಡಿಯಬೇಕಾಗಿ, ನೀರಿನಲ್ಲಿ ಓರೆಯಾದ ಆ ಚುಕ್ಕಾಣಿಯೇ ವೇಗವನ್ನು ಕುಂದಿಸುವುದು. ಆಗ ಜೆನೋವಾವನ್ನು ಇಳಿಸಿ ಜಿಬ್ಬನ್ನು ಏರಿಸಿದರೆ ದೋಣಿಯು ನೆಟ್ಟಗಾಗಿ, ಚುಕ್ಕಾಣಿಯು ಹಗುರವಾಗಿ, ಕಡಿಮೆ ಹಾಯಿಯಿಂದಲೇ ಮೊದಲಿಗಿಂತ ಚೆನ್ನಾಗಿ ಸಾಗುವುದು. ಕೈಗೆ ಭಾರವಾದ ಚುಕ್ಕಾಣಿಯು ಹಾಯಿ ಹೆಚ್ಚಾಯಿತೆಂದು ಹೇಳುವ ಮೊದಲ ಗುರುತು.

ಆದರೆ ಮುಂದಿನ ಹಾಯಿಯನ್ನು ಮಾತ್ರ ಕಿರಿದುಗೊಳಿಸಿದರೆ ಸಾಲದು. ಮುಂದಿನ ಹಾಯಿಯು ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುವುದು. ಮುಖ್ಯ ಹಾಯಿಯು ಅದನ್ನು ಗಾಳಿಯ ಕಡೆಗೆ ತಿರುಗಿಸುವುದು. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಇರುವುದರಿಂದ ಒಂದನ್ನು ಕುಗ್ಗಿಸಿದಾಗ ಇನ್ನೊಂದನ್ನೂ ಹದವರಿತು ಕುಗ್ಗಿಸತಕ್ಕದ್ದು.

ಈಗಿನ ದೋಣಿಗಳಲ್ಲಿ ಜೆನೋವಾವನ್ನು ಮುಂದಿನ ಹಗ್ಗದ ಸುತ್ತಲೇ ಚಾಪೆಯಂತೆ ಸುರುಳಿ ಸುತ್ತಿ ಕಿರಿದು ಮಾಡುವ ಅನುಕೂಲವುಂಟು. ಇದರಿಂದ ಅಲೆಗಳು ಹೊಡೆಯುವ ಮೂತಿಗೆ ಹೋಗುವ ಅಪಾಯವು ತಪ್ಪುತ್ತದೆ. ಆದರೂ ಇದಕ್ಕೊಂದು ಮಿತಿಯಿದೆ. ಬಹಳವಾಗಿ ಸುತ್ತಿದ ಹಾಯಿಯು ತನ್ನ ಆಕಾರವನ್ನು ಕಳೆದುಕೊಂಡು ಜೋಳಿಗೆಯಂತೆ ಉಬ್ಬುವುದು. ಎದುರುಗಾಳಿಗೆ ಬೇಕಾದದ್ದಾದರೋ ಚಪ್ಪಟೆಯಾದ ಹಾಯಿ. ಆದುದರಿಂದ ಒಂದು ಹಂತದ ಮೇಲೆ ಜೆನೋವಾವನ್ನು ಪೂರ್ತಿಯಾಗಿ ಸುತ್ತಿಬಿಟ್ಟು ಒಳಗಿನ ಸ್ಟೇಸೇಲನ್ನು ಬಿಚ್ಚುವುದು ಲೇಸು. ಅದು ತಗ್ಗಾಗಿಯೂ ಕೂವೆಮರಕ್ಕೆ ಹತ್ತಿರವಾಗಿಯೂ ಇರುವುದರಿಂದ ದೋಣಿಯು ಕಡಿಮೆ ವಾಲುವುದು.

ಗಾಳಿ ಹೆಚ್ಚಿದ್ದು ತಿಳಿಯದೆ ಹೋಗುವ ಸಂದರ್ಭವೂ ಉಂಟು. ಹದಿನಾಲ್ಕು ನಾಟ್ ಗಾಳಿಯು ಬೆನ್ನಿಗೆ ಬೀಸುತ್ತಿರಲು ದೋಣಿಯು ಆರು ನಾಟ್ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿಯ ಜೊತೆಯಲ್ಲೇ ಓಡುವುದರಿಂದ ಒಳಗಿರುವವರಿಗೆ ತಾಗುವುದು ಎಂಟೇ ನಾಟ್. ಎಲ್ಲವೂ ಶಾಂತ, ದೊಡ್ಡ ಹಾಯಿಯೂ ಹಿತವೇ. ಅದೇ ದೋಣಿಯನ್ನು ಗಾಳಿಯ ಕಡೆಗೆ ಅರ್ಧ ಲಂಬಕೋನದಷ್ಟು ಓರೆಯಾಗಿ ತಿರುಗಿಸಿ ಅದೇ ವೇಗದಲ್ಲಿ ನಡೆಸಿದರೆ ಸುಮಾರು ಹತ್ತೊಂಬತ್ತು ನಾಟ್ ತಾಗುವುದು. ಒತ್ತಡವು ಐದು ಪಾಲಿಗೂ ಮಿಗಿಲಾಗುವುದು. ಬೀಸುವ ಗಾಳಿಯು ಎಳ್ಳಷ್ಟೂ ಬದಲಾಗಿಲ್ಲ. ಬದಲಾದದ್ದು ದೋಣಿಯ ದಿಕ್ಕು. ಆದಕಾರಣ ತಿರುಗುವುದಕ್ಕೆ ಮುಂಚೆಯೇ ಹಾಯಿಯನ್ನು ಕಿರಿದುಗೊಳಿಸತಕ್ಕದ್ದು.

ಗಾಳಿ ಬೀಳುವಾಗಲೂ ಆಯ್ಕೆಯು ಸುಲಭವಲ್ಲ. ಬಿರುಗಾಳಿ ಶಮನವಾದರೂ ಅಲೆಗಳು ಒಡನೆಯೇ ಅಡಗುವುದಿಲ್ಲ. ಆ ಅಲೆಗಳನ್ನು ಸೀಳಿಕೊಂಡು ಹೋಗಲು ದೋಣಿಗೆ ಬಲ ಬೇಕಾದುದರಿಂದ ಸಮತಟ್ಟಾದ ನೀರಿನಲ್ಲಿ ಬೇಕಾಗುವುದಕ್ಕಿಂತ ತುಸು ಹೆಚ್ಚಿನ, ತುಸು ಉಬ್ಬಿದ ಹಾಯಿ ಬೇಕು. ಮೂರು ನಾಲ್ಕು ನಾಟ್‌ಗಳ ಅತಿ ಮಂದಗಾಳಿಯಲ್ಲಾದರೆ ದಪ್ಪ ಬಟ್ಟೆಯ ಜೆನೋವಾವು ತನ್ನ ಭಾರಕ್ಕೇ ಜೋತುಬೀಳುವುದು. ಅಲ್ಲಿ ತೆಳುಬಟ್ಟೆಯ ಹಾಯಿಯೇ ದೋಣಿಯನ್ನು ನಡೆಸುವುದು.

ಹಾಗಾದರೆ ಬದಲಾಯಿಸುವ ಸಮಯ ಯಾವುದು? ಹಾಯಿಯನ್ನು ಕಿರಿದುಗೊಳಿಸಬೇಕೇ ಎಂಬ ಯೋಚನೆಯು ಮೊದಲು ಹುಟ್ಟಿದ ಕ್ಷಣವೇ ಅದನ್ನು ಮಾಡತಕ್ಕ ಕ್ಷಣವೆಂದು ಅನುಭವಸ್ಥರು ಹೇಳುತ್ತಾರೆ. ವಾಯುಭಾರಮಾಪಕದ ಇಳಿತ, ಗಾಳಿ ಬರುವ ದಿಕ್ಕಿನಲ್ಲಿ ಕಪ್ಪಾದ ಮೋಡ, ನೀರಿನ ಮೇಲೆ ಹತ್ತಿರ ಹತ್ತಿರವಾಗುವ ಬಿಳಿಯ ನೊರೆ, ಇವು ಮುಂಚಿತವಾಗಿ ಸಿಗುವ ಸೂಚನೆಗಳು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನಿದ್ರಿಸುವಾಗ ಇನ್ನೊಬ್ಬರು ಕಾವಲಿರಬೇಕು. ಇರುಳಾಗುವ ಮುನ್ನ ಹಾಯಿಯನ್ನು ಒಂದು ಹಂತ ಕಿರಿದು ಮಾಡಿಡುವುದು ಅಂಥವರಿಗೆ ಹೇಡಿತನವಲ್ಲ, ವಿವೇಕ. ಯಾಕಂದರೆ ನಡುರಾತ್ರಿಯಲ್ಲಿ, ಕತ್ತಲೆಯಲ್ಲಿ, ಒದ್ದೆಯಾದ ಹಗ್ಗಗಳ ನಡುವೆ ಅದೇ ಕೆಲಸವು ಹತ್ತರಷ್ಟು ಕಠಿಣವಾಗುವುದು.

ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಅವಕಾಶವಿದೆ. ಅವುಗಳ ಬೆಲೆ ಮಾತ್ರ ಒಂದೇ ಅಲ್ಲ. ಬರಲಿದೆಯೆಂದು ಎಣಿಸಿದ ಗಾಳಿಯು ಬಾರದೆ ಹೋದರೆ ಚಿಕ್ಕ ಹಾಯಿಯಿಂದ ಒಂದೆರಡು ತಾಸು ತಡವಾಗುವುದು, ಅಷ್ಟೆ; ಸುತ್ತಿದ ಹಾಯಿಯನ್ನು ಮತ್ತೆ ಬಿಚ್ಚಬಹುದು. ಬಾರದೆಂದು ನಂಬಿದ ಗಾಳಿಯು ಬಂದೇಬಿಟ್ಟರೆ ಹಾಯಿ ಹರಿದೀತು, ಕೂವೆಮರ ಮುರಿದೀತು, ಹಾಯಿಯನ್ನು ಇಳಿಸಲು ಮೂತಿಗೆ ಹೋದವಳು ಕಡಲುಪಾಲಾದಾಳು. ನಮ್ಮ ಕರಾವಳಿಯ ಮಂಜಿಗಳು ಹಾಯಿಯಿಂದ ನಡೆಯುತ್ತಿದ್ದ ಕಾಲದಲ್ಲಿ ಮಳೆಗಾಲ ಬರುವ ಮೊದಲೇ ಅವುಗಳನ್ನು ದಡಕ್ಕೆ ಸೇರಿಸುತ್ತಿದ್ದುದು ಇದೇ ಲೆಕ್ಕದಿಂದ. ತಾರಿಣಿಯ ಇಬ್ಬರು ಸ್ತ್ರೀಯರ ಧೈರ್ಯವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಅಷ್ಟು ದೂರದ ಕಡಲಿನಲ್ಲಿ ದಿನದಿನವೂ ಗಾಳಿಯನ್ನು ನೋಡಿ, ಲೆಕ್ಕ ಹಾಕಿ, ಹಾಯಿಯನ್ನು ಸಕಾಲದಲ್ಲಿ ಬದಲಾಯಿಸುವ ಆ ಕೆಲಸವೂ ಧೈರ್ಯದ ಪಾಲೇ ಎಂಬುದನ್ನು ನಮ್ಮ ಹುಡುಗಿಯರು ಅರಿತರೆ ನಮಗೆ ಸಂತೋಷ.