ಶುಗರ್‌ಗೂ ಟಿಬಿಗೂ ಏನು ಸಂಬಂಧ?

ಟಿಬಿ ಅಂದ್ರೆ ಬಡವರ ಕಾಯಿಲೆ, ಶುಗರ್ ಅಂದ್ರೆ ಕೂತು ತಿನ್ನೋರ ಕಾಯಿಲೆ. ನಮ್ಮಲ್ಲಿ ತುಂಬಾ ಜನ ಹೀಗೇ ಅಂದುಕೊಂಡಿದ್ದೇವೆ. ಒಂದು ಗಾಳಿಯಿಂದ ಅಂಟುವ ಸೋಂಕು, ಇನ್ನೊಂದು ಇನ್ಸುಲಿನ್ ತೊಂದರೆ. ಎತ್ತಣ ಸಂಬಂಧ ಅನ್ನಿಸುತ್ತೆ. ಆದರೆ ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 2ರಿಂದ 3 ಪಟ್ಟು ಹೆಚ್ಚು.

ನಮ್ಮ ದೇಶಕ್ಕೆ ಇದು ಸಣ್ಣ ವಿಷಯ ಅಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಇಲ್ಲಿ ಶುಗರ್ ಇರುವವರು ಸುಮಾರು 10 ಕೋಟಿ.

ಕಾವಲು ಸಡಿಲವಾದಾಗ

ಟಿಬಿ ರೋಗಾಣು ದೇಹದೊಳಗೆ ಹೋದ ತಕ್ಷಣ ಕಾಯಿಲೆ ಬರಲ್ಲ. ಶ್ವಾಸಕೋಶದಲ್ಲಿ ಮ್ಯಾಕ್ರೊಫೇಜ್ ಅನ್ನೋ ಕಾವಲು ಜೀವಕೋಶಗಳಿವೆ. ಅವು ರೋಗಾಣುವನ್ನು ನುಂಗುತ್ತವೆ, ಬೇರೆ ರಕ್ಷಣಾ ಕೋಶಗಳನ್ನು ಕರೆಸಿಕೊಂಡು ಸುತ್ತ ಗೋಡೆ ಕಟ್ಟಿದ ಹಾಗೆ ಬಂಧಿಸಿಡುತ್ತವೆ. ಹಾಗಾಗಿ ಸೋಂಕು ತಗುಲಿದ 100 ಜನರಲ್ಲಿ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಕಾಣಿಸಿಕೊಳ್ಳುತ್ತೆ.

ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಾಗಿಯೇ ಉಳಿದರೆ ಈ ಕಾವಲು ಸಡಿಲವಾಗುತ್ತೆ. ಮ್ಯಾಕ್ರೊಫೇಜ್‌ಗಳ ನುಂಗುವ ಶಕ್ತಿ ಕುಗ್ಗುತ್ತೆ, ಸಹಾಯಕ್ಕೆ ಬರಬೇಕಾದ ಕೋಶಗಳು ತಡವಾಗಿ ಬರುತ್ತವೆ. ಅಷ್ಟರಲ್ಲಿ ರೋಗಾಣು ಬೆಳೆದುಬಿಟ್ಟಿರುತ್ತೆ. ಸುಮ್ಮನೆ ಮಲಗಿದ್ದ ಹಳೇ ಸೋಂಕೂ ಎದ್ದು ಕೂರಬಹುದು.

ಇದು ಒನ್‌ ವೇ ಅಲ್ಲ

ಟಿಬಿಯಂಥ ದೊಡ್ಡ ಸೋಂಕು ಬಂದಾಗ ದೇಹ ಕಾರ್ಟಿಸೋಲ್‌ನಂಥ ಹಾರ್ಮೋನುಗಳನ್ನು ಹೆಚ್ಚು ಬಿಡುತ್ತೆ. ಆಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಸಕ್ಕರೆ ಏರುತ್ತೆ. ಏರಿದ ಸಕ್ಕರೆ ಟಿಬಿಗೆ ಇನ್ನಷ್ಟು ದಾರಿ ಬಿಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತಿರೋ ಕಥೆ: ಪಾಸಿಟಿವ್ ಫೀಡ್‌ಬ್ಯಾಕ್. ಮಧ್ಯೆ ಯಾರಾದರೂ ಲೂಪ್ ಕತ್ತರಿಸದಿದ್ದರೆ ಎರಡೂ ಏರುತ್ತಲೇ ಹೋಗುತ್ತವೆ.

ಮಾತ್ರೆಗಳೂ ಒಂದಕ್ಕೊಂದು ಅಡ್ಡ ಬರುತ್ತವೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡುತ್ತೆ. ಆ ಕಿಣ್ವಗಳು ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳನ್ನು ಬೇಗ ಒಡೆದು ಹಾಕುತ್ತವೆ, ಮಾತ್ರೆ ನುಂಗಿದರೂ ಪರಿಣಾಮ ಕಮ್ಮಿಯಾಗುತ್ತೆ. ಮೆಟ್‌ಫಾರ್ಮಿನ್ ಲಿವರ್‌ನಲ್ಲಿ ಒಡೆಯಲ್ಲ, ಇನ್ಸುಲಿನ್‌ಗೂ ಈ ಕಿಣ್ವಗಳ ತಾಪತ್ರಯ ಇಲ್ಲ. ಇನ್ನೊಂದು ಟಿಬಿ ಔಷಧಿ ಐಸೋನಿಯಾಜಿಡ್ ಕೈಕಾಲಿನ ನರಗಳಿಗೆ ತೊಂದರೆ ಕೊಡಬಹುದು. ಶುಗರ್ ಕೂಡ ಅದನ್ನೇ ಮಾಡುತ್ತೆ. ಅದಕ್ಕೇ ಜೊತೆಗೆ ವಿಟಮಿನ್ ಬಿ6 ಕೊಡುತ್ತಾರೆ. ಇದನ್ನೆಲ್ಲ ಡಾಕ್ಟರ್ ಸರಿಹೊಂದಿಸಬೇಕು, ಅದಕ್ಕೆ ಅವರಿಗೆ ಎರಡೂ ಕಾಯಿಲೆ ಇರೋದು ಗೊತ್ತಿರಬೇಕು.

ಎಡವೋದು ಎಲ್ಲಿ?

ತೂಕ ಇಳಿಯೋದು, ಸುಸ್ತು – ಇವು ಎರಡೂ ಕಾಯಿಲೆಗಳ ಲಕ್ಷಣ. "ಶುಗರ್ ಇದೆಯಲ್ಲ, ಸಣ್ಣ ಆಗೋದು ಸಹಜ" ಅಂತ ಮನೆಯವರೇ ಸಮಾಧಾನ ಮಾಡಿಕೊಂಡುಬಿಡುತ್ತಾರೆ. ಟಿಬಿ ಪತ್ತೆಯಾಗೋದು ತಡವಾಗುತ್ತೆ. ಎರಡೂ ಇರುವವರಲ್ಲಿ ಚಿಕಿತ್ಸೆ ವಿಫಲವಾಗೋದು, ಟಿಬಿ ಮರುಕಳಿಸೋದು, ಸಾವು – ಮೂರೂ ಹೆಚ್ಚು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಎರಡನ್ನೂ ಜೊತೆಯಾಗಿ ನೋಡಿ ಅಂತ ಮಾರ್ಗಸೂಚಿ ಕೊಟ್ಟಿತು. ನಮ್ಮ ದೇಶದ ಟಿಬಿ ಕಾರ್ಯಕ್ರಮದಲ್ಲೂ ಪ್ರತಿ ಟಿಬಿ ರೋಗಿಗೆ ಶುಗರ್ ಟೆಸ್ಟ್ ಮಾಡಬೇಕು ಅನ್ನೋ ನಿಯಮ ಇದೆ.

ಇದರ ಇನ್ನೊಂದು ಅರ್ಧ ನಮ್ಮ ಕೈಯಲ್ಲಿದೆ. ಹಾಸ್ಟೆಲ್‌ನಲ್ಲಿರೋ ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಮ್ಮ, ಅಜ್ಜಿಗೆ ಶುಗರ್ ಇದೆ. ಈ ವಾರ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇದನ್ನೂ ಕೇಳೋಣ: ಕೆಮ್ಮು ಎರಡು ವಾರ ದಾಟಿದೆಯಾ? ಸಂಜೆ ಜ್ವರ, ರಾತ್ರಿ ಬೆವರು ಇದೆಯಾ? ಹೌದು ಅಂದ್ರೆ ಕಫ ಪರೀಕ್ಷೆಗೆ ಕಳಿಸೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಾಮಾನ್ಯ ಟಿಬಿ 6 ತಿಂಗಳು ಮಾತ್ರೆ ತಪ್ಪಿಸದೆ ತಗೊಂಡರೆ ವಾಸಿಯಾಗುತ್ತೆ, ಜೊತೆಗೆ ಸಕ್ಕರೆಯೂ ಹತೋಟಿಯಲ್ಲಿರಬೇಕು ಅಷ್ಟೆ.

ಒಂದು ಕಾಯಿಲೆ ಸಿಕ್ಕರೆ ಇನ್ನೊಂದನ್ನೂ ಹುಡುಕಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.